ಪೀಚ್ ಹಣ್ಣಿನ ಗುಣವನ್ನು ಎಲೆಯಲ್ಲೇ ಓದುವ ಕೆಲಸ

ಪೀಚ್, ಪ್ಲಮ್, ಚೆರ್ರಿ, ಏಪ್ರಿಕಾಟ್, ಬಾದಾಮಿ ಇವೆಲ್ಲ ಗೊರಟೆಯ ಹಣ್ಣುಗಳು. ಪ್ರೂನಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಇವುಗಳ ಹೊಸ ತಳಿಯನ್ನು ರೂಪಿಸುವ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ಪ್ರಯೋಗಾಲಯದ ಯಂತ್ರಗಳ ಹೆಸರನ್ನು ಹೇಳುವುದಿಲ್ಲ, ನೆಲ ಮತ್ತು ಕಾಲ ಎನ್ನುತ್ತೇನೆ. ಬೀಜದಿಂದ ಹುಟ್ಟಿದ ಪೀಚ್ ಸಸಿ ಹಣ್ಣು ಕೊಡಲು ಸುಮಾರು ಮೂರು ವರ್ಷ ಬೇಕು, ಚೆರ್ರಿಗೆ ನಾಲ್ಕೈದು ವರ್ಷ ಬೇಕು. ಒಂದೇ ತಂದೆತಾಯಿಯಿಂದ ಬಂದ ಸಾವಿರ ಸಸಿಗಳಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲ. ಅವುಗಳಲ್ಲಿ ಬಹುಪಾಲು ಸಸಿಗಳನ್ನು ಒಮ್ಮೆ ಹಣ್ಣು ಕಚ್ಚಿ ನೋಡಿದ ಮೇಲೆ ಕಡಿದು ಹಾಕಬೇಕಾಗುತ್ತದೆ. ಉಳಿದ ಕೆಲವನ್ನು ಕಸಿ ಮಾಡಿ, ಬೇರೆ ಬೇರೆ ಮಣ್ಣಿನಲ್ಲಿ ನೆಟ್ಟು, ಹಲವು ಹಂಗಾಮು ಪರೀಕ್ಷಿಸಿ, ಕೊನೆಗೆ ಒಂದಕ್ಕೆ ಹೆಸರಿಟ್ಟು ರೈತರಿಗೆ ಕೊಡುವ ಹೊತ್ತಿಗೆ ಹದಿನೈದು ವರ್ಷ ಕಳೆದಿರುವುದು ಸಾಮಾನ್ಯ ಸಂಗತಿ. ಒಬ್ಬ ತಳಿವಿಜ್ಞಾನಿಯ ಇಡೀ ವೃತ್ತಿಜೀವನದಲ್ಲಿ ಇಂಥ ಎರಡು ಸುತ್ತುಗಳು ಮುಗಿದರೆ ಹೆಚ್ಚು.

ನಾನು ಧಾರವಾಡದಲ್ಲಿ ಸಸ್ಯ ತಳಿಶಾಸ್ತ್ರ ಓದುವಾಗ ಜೋಳದ ಮೇಲೆ ಕೆಲಸ ಮಾಡಿದವನು. ಮುಂಗಾರಿಯಲ್ಲಿ ಸಂಕರಣ ಮಾಡಿ, ಹಿಂಗಾರಿಯಲ್ಲಿ ಅದರ ಸಂತಾನವನ್ನು ನೋಡಿ, ಮರುವರ್ಷ ಮತ್ತೆ ಮುಂದಿನ ಪೀಳಿಗೆಗೆ ಹೋಗುವ ವೇಗ ನನಗೆ ರೂಢಿಯಾಗಿತ್ತು. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಪೀಚ್ ತಳಿ ಅಭಿವೃದ್ಧಿ ತಂಡವೊಂದಕ್ಕೆ ಸೇರಿದ ಮೇಲೆ, ಯಾವ ಗುಣ ವರ್ಣತಂತುವಿನ ಯಾವ ಜಾಗದಲ್ಲಿದೆ ಎಂದು ತೋರಿಸಿ, ಸಸಿಯ ಎಲೆಯಿಂದಲೇ ಹಣ್ಣಿನ ಗುಣ ಊಹಿಸಲು ನೆರವಾಗುವ ಜೀನ್ ನಕ್ಷೆ ಮರದ ಬೆಳೆಗಳಲ್ಲಿ ಏಕೆ ಇಷ್ಟು ಬೆಲೆಬಾಳುತ್ತದೆ ಎಂಬುದು ನನಗೆ ಚೆನ್ನಾಗಿ ಅರ್ಥವಾಯಿತು. ಜೋಳದಲ್ಲಿ ಅದು ಒಂದು ಅನುಕೂಲ, ಪೀಚ್‌ನಲ್ಲಿ ಅದು ಮೂರು ವರ್ಷದ ನೆಲದ ಬಾಡಿಗೆ, ನೀರು, ಸವರುವ ಕೂಲಿ ಮತ್ತು ಔಷಧಿಯ ಖರ್ಚನ್ನು ಉಳಿಸುವ ಸಾಧನ. ಆ ನಕ್ಷೆ ಹೇಗೆ ತಯಾರಾಗುತ್ತದೆ, ಎಲ್ಲಿ ಅದು ದಾರಿ ತೋರಿಸುತ್ತದೆ, ಎಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ ಎಂಬುದನ್ನು ಇಲ್ಲಿ ಬರೆಯಬೇಕೆಂದಿದ್ದೇನೆ. ನಕ್ಷೆಯ ಬೆಲೆ ತೋಟದಲ್ಲಿ ನಡೆಯುವ ಅಳತೆಯ ಬೆಲೆಗಿಂತ ಒಂದಿಷ್ಟೂ ಹೆಚ್ಚಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಕ್ಷೆಯ ತತ್ವ ಹಳೆಯದು. ಎರಡು ಭಿನ್ನ ಮರಗಳನ್ನು ಸಂಕರಿಸಿ, ಆ ಸಂಕರದ ಮರವನ್ನು ಸ್ವಪರಾಗಕ್ಕೆ ಬಿಟ್ಟರೆ, ಮುಂದಿನ ಪೀಳಿಗೆಯ ಸಸಿಗಳಲ್ಲಿ ಅಜ್ಜ ಅಜ್ಜಿಯರ ವರ್ಣತಂತುಗಳ ತುಂಡುಗಳು ಅಡ್ಡಬದಲಾಗಿ ಹಂಚಿಹೋಗಿರುತ್ತವೆ. ಒಂದೇ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಇರುವ ಎರಡು ಬಿಂದುಗಳು ಸಾಮಾನ್ಯವಾಗಿ ಜೊತೆಯಾಗಿಯೇ ಮಕ್ಕಳಿಗೆ ಇಳಿಯುತ್ತವೆ, ದೂರವಿದ್ದರೆ ಬೇರೆಯಾಗುವ ಸಂಭವ ಹೆಚ್ಚು. ನೂರಾರು ಸಸಿಗಳ ಡಿಎನ್‌ಎಯಲ್ಲಿ ಇಂಥ ಸಾವಿರಾರು ಗುರುತುಬಿಂದುಗಳನ್ನು, ಎಂದರೆ ಮಾರ್ಕರ್‌ಗಳನ್ನು ಓದಿ, ಯಾವುದು ಯಾವುದರ ಜೊತೆ ಎಷ್ಟು ಬಾರಿ ಇಳಿದು ಬಂದಿದೆ ಎಂದು ಲೆಕ್ಕ ಹಾಕಿದರೆ ಅವುಗಳ ಕ್ರಮ ಮತ್ತು ಅಂತರ ತಿಳಿಯುತ್ತದೆ. ಅದೇ ಸಸಿಗಳು ಮರವಾಗಿ ಹಣ್ಣು ಬಿಟ್ಟ ಮೇಲೆ ಅವುಗಳ ಗಾತ್ರ, ಸಿಹಿ, ಹುಳಿ, ಮಾಗುವ ದಿನ, ರೋಗ ತಡೆಯುವ ಶಕ್ತಿ ಇತ್ಯಾದಿಗಳನ್ನು ಅಳೆದು, ಯಾವ ಮಾರ್ಕರ್ ಇರುವ ಮರಗಳಲ್ಲಿ ಆ ಗುಣ ಎದ್ದು ಕಾಣುತ್ತದೆ ಎಂದು ನೋಡಿದರೆ ಗುಣದ ಜಾಗ ಸಿಗುತ್ತದೆ. ಅಳತೆಗೆ ಸಿಗುವ ಗುಣವೊಂದರ ಮೇಲೆ ಪ್ರಭಾವ ಬೀರುವ ಇಂಥ ಜಾಗವನ್ನು ನಮ್ಮ ವೃತ್ತಿಯವರು ಕ್ಯೂಟಿಎಲ್ ಎಂದು ಕರೆಯುತ್ತಾರೆ. ಕ್ಯೂಟಿಎಲ್ ಸಿಕ್ಕಿತೆಂದರೆ ಊರು ಗೊತ್ತಾಯಿತು ಎಂದರ್ಥ, ಮನೆ ಇನ್ನೂ ಗೊತ್ತಾಗಿರುವುದಿಲ್ಲ. ಆ ಊರಿನಲ್ಲಿ ನೂರಾರು ಜೀನ್‌ಗಳು ವಾಸವಾಗಿರಬಹುದು.

ಗೊರಟೆಯ ಹಣ್ಣುಗಳ ಅದೃಷ್ಟವೆಂದರೆ ಈ ಕುಲದ ಜೀನ್ ನಕ್ಷೆಗಳು ಪರಸ್ಪರ ಬಹಳ ಮಟ್ಟಿಗೆ ಹೊಂದುತ್ತವೆ. ಸ್ಪೇನಿನ ವಿಜ್ಞಾನಿಗಳು ಯುರೋಪಿನ ಇತರ ತಂಡಗಳ ಜೊತೆಗೂಡಿ ‘ಟೆಕ್ಸಾಸ್’ ಎಂಬ ಬಾದಾಮಿಯನ್ನು ‘ಅರ್ಲಿಗೋಲ್ಡ್’ ಎಂಬ ಪೀಚ್‌ನೊಂದಿಗೆ ಸಂಕರಿಸಿ, ಅದರ ಎರಡನೇ ಪೀಳಿಗೆಯಿಂದ ತಯಾರಿಸಿದ ನಕ್ಷೆ 1998ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಡೀ ಕುಲಕ್ಕೆ ಅದೇ ಆಧಾರ ನಕ್ಷೆಯಾಯಿತು. ಬಾದಾಮಿಯನ್ನೂ ಪೀಚನ್ನೂ ಸಂಕರಿಸಿದರೆ ಫಲವತ್ತಾದ ಮರ ಹುಟ್ಟುತ್ತದೆ ಎಂಬುದೇ ಇವೆರಡರ ಹತ್ತಿರದ ನಂಟನ್ನು ತೋರಿಸುತ್ತದೆ. ಪೀಚ್‌ನ ಪೂರ್ಣ ಜೀನೋಮ್, ಎಂದರೆ ಅದರ ಡಿಎನ್‌ಎಯ ಇಡೀ ಬರಹ, 2010ರಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯಿತು, ಅದರ ವಿವರವಾದ ಪ್ರಬಂಧ 2013ರಲ್ಲಿ ಬಂತು. ಅದಕ್ಕಾಗಿ ಆರಿಸಿಕೊಂಡದ್ದು ‘ಲೋವೆಲ್’ ತಳಿಯ ಒಂದು ವಿಶೇಷ ಗಿಡವನ್ನು. ಅದರ ಪ್ರತಿ ವರ್ಣತಂತುವಿನ ಜೋಡಿಯ ಎರಡೂ ಪ್ರತಿಗಳು ಒಂದೇ ತೆರನಾಗಿದ್ದುದರಿಂದ ಓದಿದ ತುಂಡುಗಳನ್ನು ಜೋಡಿಸುವುದು ಸುಲಭವಾಯಿತು. ಎಂಟು ಜೋಡಿ ವರ್ಣತಂತುಗಳು, ಸುಮಾರು 23 ಕೋಟಿ ಅಕ್ಷರಗಳು, ಸುಮಾರು 27,000 ಜೀನ್‌ಗಳು. ಮರಗಳ ಜೀನೋಮ್‌ಗಳಲ್ಲಿ ಇದು ಚಿಕ್ಕದು, ಆದ್ದರಿಂದಲೇ ಸೇಬು, ಗುಲಾಬಿ ಸೇರಿದ ಇಡೀ ಕುಟುಂಬದ ಸಂಶೋಧಕರು ಪೀಚನ್ನು ಮಾದರಿ ಗಿಡವಾಗಿ ನೋಡುತ್ತಾರೆ.

ಕೆಲವು ಗುಣಗಳು ಒಂದೇ ಜೀನ್‌ನ ಹತೋಟಿಯಲ್ಲಿವೆ, ಅಲ್ಲಿ ನಕ್ಷೆಯ ಕೆಲಸ ಬಹಳ ಚೊಕ್ಕ. ಪೀಚ್‌ನ ಸಿಪ್ಪೆಯ ಮೇಲೆ ಮೃದುವಾದ ನವಿರು ಇರುತ್ತದೆ, ನೆಕ್ಟರಿನ್‌ಗೆ ಇರುವುದಿಲ್ಲ. ಎರಡೂ ಒಂದೇ ಜಾತಿಯ ಹಣ್ಣುಗಳು. ಐದನೆಯ ವರ್ಣತಂತುವಿನಲ್ಲಿರುವ ಎಂವೈಬಿ ಗುಂಪಿನ ಜೀನ್ ಒಂದರೊಳಗೆ, ಜೀನೋಮ್‌ನಲ್ಲಿ ಜಾಗ ಬದಲಿಸುತ್ತಾ ತಿರುಗುವ ಡಿಎನ್‌ಎಯ ತುಂಡೊಂದು ಬಂದು ಕುಳಿತು ಅದನ್ನು ಕೆಡಿಸಿದೆ. ಎರಡೂ ಪ್ರತಿಗಳಲ್ಲಿ ಹಾಗಾದರೆ ನವಿರು ಹುಟ್ಟುವುದೇ ಇಲ್ಲ. ಇಟಲಿಯ ವಿಜ್ಞಾನಿಗಳು 2014ರಲ್ಲಿ ಇದನ್ನು ತೋರಿಸಿದರು. ತಿರುಳಿನ ಬಣ್ಣದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಮೊದಲನೆಯ ವರ್ಣತಂತುವಿನಲ್ಲಿರುವ ಸಿಸಿಡಿ4 ಎಂಬ ಜೀನ್ ತಯಾರಿಸುವ ಕಿಣ್ವವು ಹಳದಿ ಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನು ತುಂಡರಿಸುತ್ತದೆ, ಆದ್ದರಿಂದ ಆ ಜೀನ್ ಸರಿಯಾಗಿದ್ದರೆ ತಿರುಳು ಬಿಳಿ, ಕೆಟ್ಟಿದ್ದರೆ ಹಳದಿ. ಆದರೆ ಈ ಜೀನ್ ಪೀಚ್‌ನ ಇತಿಹಾಸದಲ್ಲಿ ಒಂದೇ ಸಲ ಕೆಟ್ಟದ್ದಲ್ಲ. ಮೂರು ಬೇರೆ ಬೇರೆ ರೀತಿಯಲ್ಲಿ, ಬೇರೆ ಬೇರೆ ಮರಗಳಲ್ಲಿ ಕೆಟ್ಟಿದೆ. ಅವುಗಳಲ್ಲಿ ಒಂದನ್ನು ಮಾತ್ರ ಗುರುತಿಸುವ ಪರೀಕ್ಷೆಯನ್ನು ಇಟ್ಟುಕೊಂಡು ಬೇರೆ ಮನೆತನದ ಸಸಿಗಳನ್ನು ನೋಡಿದರೆ ಹಳದಿ ಹಣ್ಣಿನ ಗಿಡವನ್ನು ಬಿಳಿಯೆಂದು ಬರೆದುಕೊಳ್ಳುವ ಅಪಾಯವಿದೆ. ಒಂದು ಮಾರ್ಕರ್ ಒಂದು ಸಂಕರದಲ್ಲಿ ಕೆಲಸ ಮಾಡಿತೆಂದರೆ ಎಲ್ಲ ಸಂಕರಗಳಲ್ಲೂ ಮಾಡುತ್ತದೆ ಎಂದು ಭಾವಿಸುವಂತಿಲ್ಲ ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಕೊಡುವ ಉದಾಹರಣೆ ಇದು.

ಈ ಪರೀಕ್ಷೆ ನಿತ್ಯದ ಕೆಲಸದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಸಂತದ ಆರಂಭದಲ್ಲಿ ಮೊಗ್ಗು ಬಿರಿಯುವ ಮುನ್ನವೇ, ದಳಗಳು ಇನ್ನೂ ಮುಚ್ಚಿರುವಾಗ, ಹೂವಿನ ಬಟ್ಟಲನ್ನು ಉಗುರಿನಿಂದಲೋ ಚಿಮುಟದಿಂದಲೋ ಚಿವುಟಿದರೆ ದಳಗಳೂ ಕೇಸರಗಳೂ ಒಟ್ಟಿಗೆ ಬಿಟ್ಟುಬರುತ್ತವೆ, ನಡುವಿನ ಹಸಿರು ಶಲಾಕೆ ಮಾತ್ರ ನಿಲ್ಲುತ್ತದೆ. ಅದರ ತುದಿಗೆ ಒಣಗಿಸಿಟ್ಟ ಗಂಡು ಮರದ ಪರಾಗವನ್ನು ಬೆರಳ ತುದಿಯಿಂದ ಸೋಕಿಸುತ್ತೇವೆ. ಬೇಸಿಗೆಯಲ್ಲಿ ಹಣ್ಣು ಕೊಯ್ದು, ಗೊರಟೆ ಒಡೆದು, ಒಳಗಿನ ಬೀಜವನ್ನು ತೇವದಲ್ಲಿಟ್ಟು ಎರಡು ಮೂರು ತಿಂಗಳು ತಣ್ಣನೆಯ ಕೋಣೆಯಲ್ಲಿ ಇಡಬೇಕು. ಚಳಿ ಕಾಣದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಬಹಳ ಬೇಗ ಮಾಗುವ ತಳಿಗಳಲ್ಲಿ ಹಣ್ಣು ಮಾಗಿದರೂ ಒಳಗಿನ ಭ್ರೂಣ ಬಲಿತಿರುವುದಿಲ್ಲ, ಅದನ್ನು ಬಿಡಿಸಿ ಗಾಜಿನ ನಳಿಕೆಯಲ್ಲಿ ಪೋಷಕ ದ್ರವ್ಯದ ಮೇಲೆ ಬೆಳೆಸಬೇಕಾಗುತ್ತದೆ. ಸಸಿಗಳು ಹಸಿರುಮನೆಯಲ್ಲಿ ಬೆರಳುದ್ದ ಬೆಳೆದು ನಾಲ್ಕಾರು ಎಲೆ ಬಿಟ್ಟಾಗ ಎಳೆಯ ಎಲೆಯಿಂದ ಕಾಗದಕ್ಕೆ ತೂತು ಹಾಕುವ ಉಪಕರಣದಂಥದ್ದರಿಂದ ಪುಟ್ಟ ಬಿಲ್ಲೆಯೊಂದನ್ನು ಕತ್ತರಿಸಿ, 96 ಗುಳಿಗಳಿರುವ ತಟ್ಟೆಯ ಒಂದು ಗುಳಿಗೆ ಹಾಕುತ್ತೇವೆ. ಸಸಿಯ ಚೀಟಿಯ ಸಂಖ್ಯೆಯೂ ಗುಳಿಯ ಸಂಖ್ಯೆಯೂ ಹೊಂದಬೇಕು. ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಬರೆದುಕೊಳ್ಳುವ ಪದ್ಧತಿಯನ್ನು ನಮ್ಮ ತಂಡ ಇಂದಿಗೂ ಬಿಟ್ಟಿಲ್ಲ. ಕೆಲವು ವಾರಗಳಲ್ಲಿ ಫಲಿತಾಂಶ ಬರುತ್ತದೆ, ಬೇಡದ ಸಸಿಗಳು ತೋಟವನ್ನು ಸೇರುವ ಮೊದಲೇ ಗೊಬ್ಬರದ ಗುಂಡಿ ಸೇರುತ್ತವೆ.

ಬೇಡದವು ಎಂದರೆ ಯಾವುವು? ಚಪ್ಪಟೆ ಪೀಚ್‌ನ ಉದಾಹರಣೆ ನೋಡೋಣ. ಬಿಲ್ಲೆಯಂತೆ ಚಪ್ಪಟೆಯಾಗಿರುವ ಈ ಹಣ್ಣಿನ ಆಕಾರವನ್ನು ಆರನೆಯ ವರ್ಣತಂತುವಿನ ಒಂದು ಜಾಗ ನಿರ್ಧರಿಸುತ್ತದೆ. ಒಂದು ಪ್ರತಿ ಚಪ್ಪಟೆಯದ್ದಾದರೆ ಹಣ್ಣು ಚಪ್ಪಟೆ. ಎರಡೂ ಪ್ರತಿಗಳು ಚಪ್ಪಟೆಯವಾದರೆ ಕಾಯಿ ಬಲಿಯದೆ ಉದುರಿಹೋಗುತ್ತದೆ, ಮರವಿಡೀ ಬರಡು. ಚಪ್ಪಟೆ ತಳಿಗಳೆರಡನ್ನು ಸಂಕರಿಸಿದಾಗ ಮಕ್ಕಳಲ್ಲಿ ನಾಲ್ಕನೆಯ ಒಂದು ಪಾಲು ಇಂಥ ಬರಡು ಮರಗಳೇ ಆಗುತ್ತವೆ. ಎಲೆಯ ಒಂದು ಬಿಲ್ಲೆಯಿಂದ ಅವುಗಳನ್ನು ಮೊದಲೇ ತೆಗೆದುಹಾಕಿದರೆ ತೋಟದ ಕಾಲು ಭಾಗ ಉಳಿಯಿತು. ಡಬ್ಬಿಯಲ್ಲಿ ಹಾಕಲು ಬೇಕಾದ ಕರಗದ ತಿರುಳಿನ, ಗೊರಟೆಗೆ ಅಂಟಿಕೊಳ್ಳುವ ಹಣ್ಣು, ಹಸಿಯಾಗಿ ತಿನ್ನಲು ಬೇಕಾದ ರಸಭರಿತ, ಗೊರಟೆ ಸಲೀಸಾಗಿ ಬಿಡುವ ಹಣ್ಣು ಇವೆರಡರ ವ್ಯತ್ಯಾಸವೂ ನಾಲ್ಕನೆಯ ವರ್ಣತಂತುವಿನ ಒಂದೇ ಜಾಗದಲ್ಲಿದೆ. ಜೀವಕೋಶಗಳ ಗೋಡೆಯ ಪೆಕ್ಟಿನ್ ಕರಗಿಸುವ ಕಿಣ್ವದ ಜೀನ್‌ಗಳು ಅಲ್ಲಿ ಅಕ್ಕಪಕ್ಕ ಕುಳಿತಿವೆ. ಕಸಿಗೆ ಬುಡವಾಗಿ ಬಳಸುವ ಬೇರುಸಸಿಗಳಿಗೆ ಬಂದರೆ, ಬೇರುಗಂಟು ಜಂತುಹುಳುವನ್ನು ತಡೆಯುವ ‘ಎಂಎ’ ಎಂಬ ಜೀನ್ ಮೈರೊಬಲಾನ್ ಎಂಬ ಪ್ಲಮ್ ಜಾತಿಯಲ್ಲಿ ಸಿಕ್ಕಿದೆ. ಮಣ್ಣಿನೊಳಗಿನ ಬೇರನ್ನು ಅಗೆದು ಗಂಟು ಎಣಿಸುವ ಕಷ್ಟವನ್ನು ಬಲ್ಲವರಿಗೆ ಮಾರ್ಕರ್ ಎಷ್ಟು ದೊಡ್ಡ ಸಹಾಯ ಎಂದು ಬೇರೆ ಹೇಳಬೇಕಿಲ್ಲ.

ಚೆರ್ರಿಯಲ್ಲಿ ಮೊದಲು ಬಳಕೆಗೆ ಬಂದದ್ದು ಪರಾಗದ ಹೊಂದಾಣಿಕೆಯ ಜೀನ್. ಸಿಹಿ ಚೆರ್ರಿಯ ಬಹುತೇಕ ಹಳೆಯ ತಳಿಗಳಲ್ಲಿ ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ‘ಬಿಂಗ್’, ‘ಲ್ಯಾಂಬರ್ಟ್’, ‘ನೆಪೋಲಿಯನ್’ ಮೂರೂ ಒಂದೇ ಗುಂಪಿನವಾದ್ದರಿಂದ ಪರಸ್ಪರವೂ ಹೊಂದುವುದಿಲ್ಲ, ರೈತ ನಡುವೆ ಬೇರೆ ಗುಂಪಿನ ಮರ ನೆಡಲೇಬೇಕು. ಕೆನಡಾದ ಸಮ್ಮರ್‌ಲ್ಯಾಂಡ್‌ನಿಂದ 1968ರಲ್ಲಿ ಬಿಡುಗಡೆಯಾದ ‘ಸ್ಟೆಲ್ಲಾ’ ಸ್ವಪರಾಗದಿಂದಲೇ ಫಲ ಕೊಡುವ ತಳಿ, ಇಂಗ್ಲೆಂಡಿನಲ್ಲಿ ಎಕ್ಸ್-ಕಿರಣಕ್ಕೆ ಒಡ್ಡಿದ ಪರಾಗದಿಂದ ಹುಟ್ಟಿದ ಬದಲಾವಣೆ ಅದರ ಮೂಲ. ಅದೇ ಬದಲಾವಣೆಯನ್ನು ಇಂದು ಸಸಿಯ ಹಂತದಲ್ಲೇ ಗುರುತಿಸಬಹುದು. ಗಾತ್ರದ ವಿಷಯದಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಎಮಿ ಇಯೆಝೋನಿ ಅವರ ತಂಡ ದೊಡ್ಡ ಹಣ್ಣಿನ ‘ಎಂಪರರ್ ಫ್ರಾನ್ಸಿಸ್’ ಮತ್ತು ಕಾಡುಚೆರ್ರಿಯಂಥ ಪುಟ್ಟ ಹಣ್ಣಿನ ‘ನ್ಯೂಯಾರ್ಕ್ 54’ ಇವುಗಳ ಸಂಕರದಿಂದ, ತಿರುಳಿನ ಜೀವಕೋಶಗಳ ಸಂಖ್ಯೆಯನ್ನು ಪ್ರಭಾವಿಸುವ ಜಾಗವನ್ನು ಎರಡನೆಯ ವರ್ಣತಂತುವಿನಲ್ಲಿ ಪತ್ತೆ ಮಾಡಿತು. ಅವರೇ ಮುನ್ನಡೆಸಿದ ರೋಸ್‌ಬ್ರೀಡ್ ಎಂಬ ಯೋಜನೆ 2009ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆಯಿತು. ಸಂಶೋಧನಾ ಪ್ರಬಂಧಗಳಲ್ಲಿ ಕೊಳೆಯುತ್ತಿದ್ದ ಕ್ಯೂಟಿಎಲ್‌ಗಳನ್ನು ತಳಿ ತೋಟದಲ್ಲಿ ಬಳಸುವಂತೆ ಮಾಡುವುದೇ ಅದರ ಗುರಿಯಾಗಿತ್ತು, ಮತ್ತು ಈ ಕ್ಷೇತ್ರದಲ್ಲಿ ಅಷ್ಟು ಪ್ರಯೋಜನಕ್ಕೆ ಬಂದ ಇನ್ನೊಂದು ಯೋಜನೆಯನ್ನು ನಾನು ಕಂಡಿಲ್ಲ.

ನನ್ನ ಮನಸ್ಸಿಗೆ ಅತಿ ಹತ್ತಿರವಾದ ಗುಣ ಚಳಿಯ ಅಗತ್ಯ. ಪೀಚ್ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ; 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣಾಂಶದಲ್ಲಿ ಇಂತಿಷ್ಟು ಗಂಟೆಗಳನ್ನು ಕಳೆದ ಮೇಲೆಯೇ ಅದರ ಮೊಗ್ಗುಗಳು ಸರಿಯಾಗಿ ಅರಳುತ್ತವೆ. ಕೆಲವು ತಳಿಗಳಿಗೆ ಸಾವಿರ ಗಂಟೆ ಬೇಕು, ಕೆಲವಕ್ಕೆ ಇನ್ನೂರು ಸಾಕು. ಚಳಿ ಸಾಲದಿದ್ದರೆ ಮೊಗ್ಗು ಹಿಂದುಮುಂದಾಗಿ ಬಿರಿಯುತ್ತದೆ, ಹೂ ಉದುರುತ್ತದೆ, ಎಲೆ ತಡವಾಗುತ್ತದೆ. 2017ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಬೆಚ್ಚನೆಯ ಚಳಿಗಾಲವೂ ಅದರ ಬೆನ್ನಿಗೆ ಬಂದ ಮಾರ್ಚ್ ತಿಂಗಳ ಹಿಮವೂ ಸೇರಿ ಪೀಚ್ ಬೆಳೆಯ ಬಹುಭಾಗವನ್ನು ನಾಶ ಮಾಡಿದವು. ಈ ಗುಣದ ಬೆನ್ನುಹತ್ತಿದವರಿಗೆ ಮೊದಲ ಸುಳಿವು ಕೊಟ್ಟದ್ದು ಮೆಕ್ಸಿಕೋದಲ್ಲಿ ಸಿಕ್ಕ, ಚಳಿಯಲ್ಲೂ ಮಲಗದೆ ತುದಿ ಚಿಗುರುತ್ತಲೇ ಇರುವ ಒಂದು ವಿಚಿತ್ರ ಪೀಚ್. ಅದರ ಮೊದಲನೆಯ ವರ್ಣತಂತುವಿನಲ್ಲಿ ಒಂದರ ಪಕ್ಕ ಒಂದರಂತೆ ಸಾಲಾಗಿ ನಿಂತ ಆರು ಜೀನ್‌ಗಳ ದೊಡ್ಡ ಭಾಗವೇ ಕಳೆದುಹೋಗಿತ್ತು. ಡ್ಯಾಮ್ ಎಂಬ ಸಂಕ್ಷಿಪ್ತ ಹೆಸರಿನ ಈ ಜೀನ್‌ಗಳಲ್ಲಿ ಕೊನೆಯ ಎರಡರ ಚಟುವಟಿಕೆ ಚಳಿಯ ಗಂಟೆಗಳು ಸೇರುತ್ತಾ ಹೋದಂತೆ ಇಳಿಯುತ್ತದೆ, ಇಳಿದ ಮೇಲೆ ಮೊಗ್ಗು ಎಚ್ಚರಗೊಳ್ಳಬಲ್ಲದು. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಗಂಟೆ ಬೇಡುವ ‘ಕಂಟೆಂಡರ್’ ತಳಿಯನ್ನು ಸುಮಾರು 300 ಗಂಟೆ ಸಾಕೆನ್ನುವ ಫ್ಲಾರಿಡಾದ ಆಯ್ಕೆಯೊಂದರ ಜೊತೆ ಸಂಕರಿಸಿ 2010ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ, ಚಳಿಯ ಅಗತ್ಯದ ಅತಿ ದೊಡ್ಡ ಕ್ಯೂಟಿಎಲ್ ಸರಿಯಾಗಿ ಇದೇ ಜಾಗದಲ್ಲಿ ಬಂದು ನಿಂತಿತು.

ಆದರೆ ಇಲ್ಲೊಂದು ತೊಡಕಿದೆ. ಹೂ ಬಿಡುವ ದಿನದ ಕ್ಯೂಟಿಎಲ್ ಕೂಡ ಬಹುಮಟ್ಟಿಗೆ ಅದೇ ಜಾಗದಲ್ಲಿ ಕೂತಿದೆ. ಕಡಿಮೆ ಚಳಿ ಬೇಡುವ ಮರ ಬೇಗನೆ ತೃಪ್ತವಾಗಿ ಬೇಗನೆ ಅರಳುತ್ತದೆ, ಬೇಗ ಅರಳಿದ ಹೂ ತಡವಾದ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಬೆಚ್ಚನೆಯ ಚಳಿಗಾಲವನ್ನೂ ತಾಳುವ, ಮಾರ್ಚ್ ಹಿಮದಿಂದಲೂ ಪಾರಾಗುವ ಮರ ಬೇಕೆಂದರೆ ಈ ಎರಡು ಗುಣಗಳನ್ನು ಬಿಡಿಸಿದ ಸಂತಾನವೊಂದು ಬೇಕು, ಅದು ನಮ್ಮ ತೋಟದಲ್ಲಿ ಇನ್ನೂ ಕಂಡಿಲ್ಲ. ಚಳಿ ಮುಗಿದ ಮೇಲೆ ಅರಳಲು ಬೇಕಾಗುವ ಬಿಸಿಯ ಪ್ರಮಾಣವನ್ನು ಬೇರೆಯಾಗಿ ಹೆಚ್ಚಿಸುವ ದಾರಿಯೊಂದಿದೆ, ಆದರೆ ಅದರ ಮೇಲೆ ಜೀನ್‌ಗಳ ಹಿಡಿತ ಅಷ್ಟು ಬಲವಾಗಿಲ್ಲದ ಕಾರಣ ಪ್ರಗತಿ ನಿಧಾನ.

ಚಳಿಯ ಗುಣವೇ ಭಾರತಕ್ಕೂ ಮುಖ್ಯವಾದದ್ದು. ಫ್ಲಾರಿಡಾ ವಿಶ್ವವಿದ್ಯಾಲಯ 1950ರ ದಶಕದ ಆರಂಭದಲ್ಲಿ ‘ಓಕಿನಾವಾ’ ಮುಂತಾದ ಪೂರ್ವ ಏಷ್ಯಾ ಮೂಲದ ಪೀಚ್‌ಗಳಿಂದ ಕಡಿಮೆ ಚಳಿಯ ಗುಣವನ್ನು ತಂದು ತಳಿ ಕಟ್ಟತೊಡಗಿತು. ಆ ಮನೆತನದ ‘ಫ್ಲಾರ್ಡಾಸನ್’, ‘ಫ್ಲಾರ್ಡಾಪ್ರಿನ್ಸ್’ ತಳಿಗಳು ಬಂದ ಮೇಲೆಯೇ ಪಂಜಾಬಿನ ಬಯಲಿನಲ್ಲಿ ಪೀಚ್ ಬೆಳೆ ನೆಲೆಯೂರಿದ್ದು. ಹಿಮಾಚಲದ ಗುಡ್ಡಗಳಲ್ಲಿ ಇಂದಿಗೂ ‘ಜುಲೈ ಎಲ್ಬರ್ಟಾ’ದಂಥ, ಹೆಚ್ಚು ಚಳಿ ಬೇಡುವ ತಳಿಗಳಿವೆ. ಬೆಂಗಳೂರಿನ ಮಾರುಕಟ್ಟೆಗೆ ಬರುವ ಪ್ಲಮ್ ಮತ್ತು ಪೀಚ್‌ಗಳಲ್ಲಿ ಒಂದಿಷ್ಟು ಕೂನೂರು, ಕೊಡೈಕನಾಲ್ ಕಡೆಯವು. ಅಲ್ಲಿನ ಚಳಿ ಹೆಚ್ಚಿನ ತಳಿಗಳಿಗೆ ಸಾಲದು. ನಮ್ಮ ಕರ್ನಾಟಕಕ್ಕೆ ಈ ವಿಷಯ ತಟ್ಟುವುದು ಪೀಚ್‌ಗಿಂತ ಮಾವಿನ ಮೂಲಕ. ಮಾವು ಬೇರೆ ಕುಟುಂಬದ್ದಾದರೂ ಗೊರಟೆಯ ಹಣ್ಣೇ, ಅದರ ಕಾಯುವಿಕೆ ಪೀಚ್‌ಗಿಂತ ದೀರ್ಘ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆಲ್ಫಾನ್ಸೊ ಮತ್ತು ಬಂಗನಪಲ್ಲಿಯಿಂದ ‘ಅರ್ಕಾ ಪುನೀತ್’, ‘ಅರ್ಕಾ ಅರುಣ’ ತಳಿಗಳನ್ನು, ಆಲ್ಫಾನ್ಸೊ ಮತ್ತು ನೀಲಂನಿಂದ ‘ಅರ್ಕಾ ನೀಲಕಿರಣ್’ ತಳಿಯನ್ನು ಕಟ್ಟಿದ್ದು ಕೈಯಿಂದ ಪರಾಗ ಸೋಕಿಸಿ, ಮರ ಬೆಳೆಸಿ, ಹಣ್ಣು ಕೊಯ್ದು ನೋಡಿಯೇ. ಸಾವಿರಾರು ಹೂಗಳ ಗೊಂಚಲಿನಲ್ಲಿ ಕೆಲವೇ ಕಾಯಿ ನಿಲ್ಲುವ ಮಾವಿನಲ್ಲಿ ಆ ಕೆಲಸ ಎಷ್ಟು ತಾಳ್ಮೆಯದು ಎಂದು ನೆನೆದಾಗ ನನಗೆ ಅವರ ಮೇಲೆ ಅಪಾರ ಗೌರವ ಮೂಡುತ್ತದೆ. ಅಂಥ ತೋಟಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟ ಅಳತೆಯ ಪುಸ್ತಕಗಳೇ ಮುಂದಿನ ಮಾವಿನ ಜೀನ್ ನಕ್ಷೆಗೆ ಬಂಡವಾಳ, ಅವನ್ನು ಕಾಪಾಡಿ ಗಣಕಕ್ಕೆ ಏರಿಸುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಅಳತೆಯ ಮಾತು ಬಂದದ್ದರಿಂದ ಸಿಹಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಕ್ಷೆ ತಪ್ಪು ದಾರಿ ಹಿಡಿಸುವುದು ಹೆಚ್ಚಾಗಿ ಇಲ್ಲಿಯೇ. ಹಣ್ಣಿನ ಕಾಲದಲ್ಲಿ ನಾವು ಬೆಳಗಿನ ತಂಪಿನಲ್ಲೇ ಸಾಲಿಗೆ ಇಳಿಯುತ್ತೇವೆ. ಪ್ರತಿ ಮರದಿಂದ ಕೆಲವು ಹಣ್ಣು ಕಿತ್ತು, ತೂಗಿ, ಕೆನ್ನೆಯ ಒಂದು ಕಡೆ ಸಿಪ್ಪೆ ತೆಗೆದು ಒತ್ತಡ ಅಳೆಯುವ ಉಪಕರಣದ ಮೂತಿಯನ್ನು ತಿರುಳಿಗೆ ಒತ್ತಿ ಗಟ್ಟಿತನ ಓದುತ್ತೇವೆ. ಎರಡು ಹನಿ ರಸವನ್ನು ರಿಫ್ರ್ಯಾಕ್ಟೋಮೀಟರ್‌ನ ಗಾಜಿನ ಮೇಲೆ ಹಿಂಡಿ ಬ್ರಿಕ್ಸ್, ಎಂದರೆ ರಸದ ಸಿಹಿಯ ಅಳತೆ, ಎಷ್ಟೆಂದು ಬರೆದುಕೊಳ್ಳುತ್ತೇವೆ. ಕೊನೆಗೆ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು, ಹುಳಿ ಸಿಹಿಗಳಿಗೆ ಅಂಕ ಕೊಟ್ಟು, ಉಗುಳಿ, ನೀರು ಕುಡಿದು ಮುಂದಿನ ಮರಕ್ಕೆ ಹೋಗುತ್ತೇವೆ. ಒಂದೇ ಮರದ ಹೊರಗಿನ ಬಿಸಿಲ ಕೊಂಬೆಯ ಹಣ್ಣಿಗೂ ಒಳಗಿನ ನೆರಳ ಹಣ್ಣಿಗೂ ಬ್ರಿಕ್ಸ್‌ನಲ್ಲಿ ಎದ್ದು ಕಾಣುವ ವ್ಯತ್ಯಾಸವಿರುತ್ತದೆ, ಹಿಂದಿನ ದಿನ ಮಳೆ ಬಂದಿದ್ದರೆ ಇಡೀ ಸಾಲಿನ ಅಂಕಿಗಳು ಇಳಿಯುತ್ತವೆ, ಕಾಯಿ ಬಿಡಿಸಿ ತೆಳುಗೊಳಿಸದ ಮರದಲ್ಲಿ ಹಣ್ಣು ಚಿಕ್ಕದಾಗುತ್ತದೆ. ಇಷ್ಟೆಲ್ಲ ಗದ್ದಲದ ನಡುವೆ ಜೀನ್‌ನ ಸಣ್ಣ ಪ್ರಭಾವವನ್ನು ಹಿಡಿಯಬೇಕು.

ಇದಕ್ಕಿಂತ ದೊಡ್ಡ ತೊಡಕು ಮಾಗುವ ದಿನದ್ದು. ನಾಲ್ಕನೆಯ ವರ್ಣತಂತುವಿನಲ್ಲಿರುವ ಎನ್‌ಎಸಿ ಗುಂಪಿನ ಜೀನ್ ಒಂದು ಪೀಚ್ ಮಾಗುವ ದಿನವನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ತಡವಾಗಿ ಮಾಗುವ ಹಣ್ಣಿಗೆ ಸಕ್ಕರೆ ತುಂಬಿಕೊಳ್ಳಲು, ದಪ್ಪವಾಗಲು ಹೆಚ್ಚು ದಿನ ಸಿಗುತ್ತದೆ. ಆದ್ದರಿಂದ ಬೇಗ ಮಾಗುವ ಮತ್ತು ತಡವಾಗಿ ಮಾಗುವ ತಳಿಗಳ ಸಂಕರದಲ್ಲಿ ಸಿಹಿ, ಗಾತ್ರ, ಹುಳಿ, ಗಟ್ಟಿತನ ಎಲ್ಲದರ ಕ್ಯೂಟಿಎಲ್‌ಗಳೂ ಇದೇ ಜಾಗದಲ್ಲಿ ರಾಶಿ ಬಿದ್ದು ಕಾಣಿಸುತ್ತವೆ. ಅದನ್ನು ನೋಡಿ ಸಿಹಿಯ ಜೀನ್ ಸಿಕ್ಕಿತು ಎಂದುಕೊಂಡು ಆ ಮಾರ್ಕರ್‌ನಿಂದ ಸಸಿ ಆರಿಸಿದರೆ ಸಿಗುವುದು ತಡವಾಗಿ ಮಾಗುವ ಮರ. ಹಂಗಾಮಿನ ಆರಂಭದಲ್ಲಿ, ಬೆಲೆ ಚೆನ್ನಾಗಿರುವಾಗ, ಮಾರುಕಟ್ಟೆಗೆ ಸಿಹಿಯಾದ ಹಣ್ಣು ತರಬೇಕೆಂಬ ಬೆಳೆಗಾರನಿಗೆ ಅದರಿಂದ ಉಪಯೋಗವಿಲ್ಲ. ಮಾಗುವ ದಿನದ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೆ ಏನು ಉಳಿಯುತ್ತದೆಯೋ ಅದೇ ನಿಜವಾಗಿ ನಮಗೆ ಬೇಕಾದದ್ದು, ಮತ್ತು ಅಲ್ಲಿ ಉಳಿಯುವುದು ಸಾಮಾನ್ಯವಾಗಿ ಚೂರುಪಾರು ಪ್ರಭಾವದ ಹಲವಾರು ಜಾಗಗಳು.

ಮಾರ್ಕರ್‌ನ ಉಪಕಾರ ಮತ್ತು ಮಿತಿ ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಏಪ್ರಿಕಾಟ್‌ನ ಶಾರ್ಕಾ ರೋಗಕ್ಕೆ ಬರಬೇಕು. ಬಲ್ಗೇರಿಯಾದಲ್ಲಿ ಪ್ಲಮ್ ಮರಗಳಲ್ಲಿ ಮೊದಲು ಗುರುತಿಸಲಾದ ಈ ವೈರಸ್ ರೋಗವನ್ನು ಸಸ್ಯಹೇನುಗಳು ಹರಡುತ್ತವೆ. ಹಣ್ಣಿನ ಮೇಲೆ ಬಳೆಯಾಕಾರದ ಕಲೆ ಬಿದ್ದು, ರುಚಿ ಕೆಟ್ಟು, ಹಣ್ಣು ಉದುರುತ್ತದೆ. ಮರಕ್ಕೆ ತಗುಲಿದರೆ ಮದ್ದಿಲ್ಲ, ಕಡಿಯುವುದೊಂದೇ ದಾರಿ. ಯುರೋಪಿನ ಏಪ್ರಿಕಾಟ್‌ಗಳಲ್ಲಿ ನಿರೋಧ ಶಕ್ತಿ ಇರಲಿಲ್ಲ. ‘ಸ್ಟಾರ್ಕ್ ಅರ್ಲಿ ಆರೆಂಜ್’, ‘ಗೋಲ್ಡ್‌ರಿಚ್’ ಮುಂತಾದ ಉತ್ತರ ಅಮೆರಿಕದ ತಳಿಗಳಲ್ಲಿ ಅದು ಸಿಕ್ಕಿತು. ಸ್ಪೇನಿನ ಮುರ್ಸಿಯಾ ಮತ್ತು ವೆಲೆನ್ಸಿಯಾಗಳಲ್ಲಿ ಅವುಗಳಿಂದ ಹೊಸ ತಳಿ ಕಟ್ಟಿದರು. ಒಂದು ಸಸಿ ನಿರೋಧಕವೇ ಎಂದು ತಿಳಿಯಲು, ವೈರಸ್ ಇರುವ ‘ಜಿಎಫ್305’ ಎಂಬ ಪೀಚ್ ಬೇರುಸಸಿಯ ಮೇಲೆ ಅದನ್ನು ಕಸಿ ಮಾಡಿ, ಕೃತಕ ಚಳಿಗಾಲಗಳ ಹಲವು ಸುತ್ತು ಕಾದು, ಪ್ರತಿ ಸುತ್ತಿನಲ್ಲೂ ಎಲೆಗಳನ್ನು ಪರೀಕ್ಷಿಸಬೇಕು. ಮೊದಲನೆಯ ವರ್ಣತಂತುವಿನ ಮೇಲ್ತುದಿಯಲ್ಲಿ ನಿರೋಧದ ಜಾಗ ಪತ್ತೆಯಾದ ಮೇಲೆ ಈ ಶ್ರಮ ಬಹಳ ತಗ್ಗಿತು. ಆದರೆ ನಿರೋಧದ ಗುರುತಿದ್ದೂ ರೋಗ ತಗುಲುವ ಮರಗಳು ಅಲ್ಲಲ್ಲಿ ಸಿಗುತ್ತಲೇ ಇವೆ, ಅಂದರೆ ಬೇರೆಡೆ ಇನ್ನೂ ಏನೋ ಕೆಲಸ ಮಾಡುತ್ತಿದೆ. ಹೀಗಾಗಿ ಸರಿಯಾದ ಕ್ರಮವೆಂದರೆ, ಗುರುತಿಲ್ಲದ ಸಸಿಗಳನ್ನು ಮಾರ್ಕರ್‌ನಿಂದ ಧೈರ್ಯವಾಗಿ ಕೈಬಿಡುವುದು, ಗುರುತಿರುವ ಸಸಿಗಳನ್ನು ಹಳೆಯ ಕ್ರಮದಲ್ಲೇ ವೈರಸ್‌ಗೆ ಒಡ್ಡಿ ಪರೀಕ್ಷಿಸುವುದು. ಬೇರೆ ಗುಣಗಳ ವಿಷಯದಲ್ಲೂ ನಾನು ಪಾಲಿಸುವ ಕ್ರಮ ಇದೇ: ಕೆಟ್ಟದ್ದನ್ನು ಹೊರಗಿಡುವಾಗ ಮಾರ್ಕರ್ ನಂಬಬಹುದು, ಒಳ್ಳೆಯದನ್ನು ಹೆಸರಿಸುವಾಗ ಹಣ್ಣನ್ನೇ ನೋಡಬೇಕು.

ಸಿಹಿಯಂಥ ಹಲವು ಜೀನ್‌ಗಳ ಗುಣಗಳಿಗೆ ಈಗ ಬೇರೊಂದು ದಾರಿ ಹಿಡಿದಿದ್ದಾರೆ. 2012ರಲ್ಲಿ ಪೀಚ್‌ಗೆ ಒಂಬತ್ತು ಸಾವಿರ, ಚೆರ್ರಿಗೆ ಆರು ಸಾವಿರದಷ್ಟು ಬಿಂದುಗಳನ್ನು ಒಂದೇ ಬಾರಿಗೆ ಓದುವ ಚಿಪ್‌ಗಳು ಸಿದ್ಧವಾದವು. ಅಳತೆ ಮುಗಿದ ಮರಗಳ ದೊಡ್ಡ ಗುಂಪೊಂದರಲ್ಲಿ ಎಲ್ಲ ಬಿಂದುಗಳ ಪ್ರಭಾವವನ್ನೂ ಒಟ್ಟಿಗೆ ಅಂದಾಜು ಮಾಡಿ, ಆ ಸೂತ್ರವನ್ನು ಹೊಸ ಸಸಿಗಳಿಗೆ ಅನ್ವಯಿಸಿ ಅಂಕ ಕೊಡುವುದು ಇದರ ಕ್ರಮ. ಯಾವ ಜೀನ್ ಎಲ್ಲಿದೆ ಎಂದು ಒಂದೊಂದಾಗಿ ಹುಡುಕುವ ಅಗತ್ಯ ಇಲ್ಲಿಲ್ಲ. ಹಾಗೆಂದು ಸೂತ್ರ ಕಲಿತ ಮರಗಳಿಗೂ ಹೊಸ ಸಸಿಗಳಿಗೂ ನಂಟು ದೂರವಾದಂತೆ ಅಂದಾಜು ಮಂಕಾಗುತ್ತದೆ. ಪಶ್ಚಿಮ ವರ್ಜೀನಿಯಾದ ಕೆರ್ನೀಸ್‌ವಿಲ್‌ನಲ್ಲಿರುವ ಅಮೆರಿಕ ಸರ್ಕಾರದ ಹಣ್ಣಿನ ಸಂಶೋಧನಾ ಕೇಂದ್ರದವರು ಕಾಲದ ಸಮಸ್ಯೆಯನ್ನು ಇನ್ನೊಂದು ಬದಿಯಿಂದ ಹಿಡಿದರು: ಪಾಪ್ಲರ್ ಮರದ ಹೂಬಿಡಿಸುವ ಜೀನ್ ಒಂದನ್ನು ಪ್ಲಮ್‌ಗೆ ಸೇರಿಸಿ, ಒಂದು ವರ್ಷದೊಳಗೆ ಹೂ ಬಿಟ್ಟು ಹಸಿರುಮನೆಯಲ್ಲೇ ಪೀಳಿಗೆ ದಾಟುವ ಗಿಡಗಳನ್ನು ಮಾಡಿದರು. ಪೀಳಿಗೆ ಪೀಳಿಗೆಗೂ ಮಾರ್ಕರ್‌ನಿಂದ ಬೇಕಾದ ಗುಣವನ್ನು ಉಳಿಸಿಕೊಂಡು, ಕೊನೆಯ ಸಂಕರದಲ್ಲಿ ಆ ಹೊರಗಿನ ಜೀನ್ ಇಲ್ಲದ ಸಸಿಗಳನ್ನು ಮಾತ್ರ ಆರಿಸಿಕೊಂಡರೆ, ರೈತನ ಕೈಗೆ ಹೋಗುವ ಮರದಲ್ಲಿ ಕುಲಾಂತರಿ ಅಂಶ ಉಳಿದಿರುವುದಿಲ್ಲ. ಕಾಡು ಜಾತಿಯಿಂದ ರೋಗನಿರೋಧ ತಂದು, ಅದರ ಬೆನ್ನಿಗೆ ಅಂಟಿ ಬರುವ ಪುಟ್ಟ ಹಣ್ಣು ಮತ್ತು ಒಗರನ್ನು ಹಲವು ಪೀಳಿಗೆಗಳಲ್ಲಿ ತೊಳೆಯಬೇಕಾದ ಕಡೆ ಇದಕ್ಕಿಂತ ಉತ್ತಮ ಉಪಾಯ ನನಗೆ ತಿಳಿದಿಲ್ಲ.

ನಮ್ಮ ತಂಡದಲ್ಲಿ ಸದ್ಯ ಜೀನ್ ನಕ್ಷೆ ಅತಿ ಹೆಚ್ಚು ಬಳಕೆಯಾಗುವುದು ಸಸಿಗಳನ್ನು ಆರಿಸುವುದಕ್ಕಿಂತ ತಂದೆತಾಯಿ ಮರಗಳನ್ನು ಆರಿಸುವಾಗ. ಯಾವ ಮರದಲ್ಲಿ ಹಳದಿ ತಿರುಳಿನ ಪ್ರತಿ ಬಿಳಿಯ ಹಿಂದೆ ಅಡಗಿದೆ, ಯಾವುದರಲ್ಲಿ ಕಡಿಮೆ ಹುಳಿಯ ಪ್ರತಿ ಒಂದೇ ಇದೆ, ಯಾವ ಜೋಡಿಯ ಮಕ್ಕಳಲ್ಲಿ ಚಳಿಯ ಅಗತ್ಯ ನಮ್ಮ ಸೀಮೆಗೆ ಒಪ್ಪುವಷ್ಟು ಇಳಿದೀತು ಎಂಬುದನ್ನು ಹೂ ಬಿರಿಯುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ, ಫಲ ಕೊಡದ ಸಂಕರಗಳನ್ನು ಮಾಡದೆಯೇ ಬಿಡುತ್ತೇವೆ. ಹೀಗೆ ಸಂಕರಗಳ ಸಂಖ್ಯೆ ಕಡಿಮೆಯಾದುದರಿಂದ ಪ್ರತಿ ಸಂಕರದಿಂದ ಹೆಚ್ಚು ಬೀಜ ಪಡೆಯಲು ಸಾಧ್ಯವಾಗಿದೆ, ಒಂದೊಂದು ಮರದ ಹಣ್ಣನ್ನು ಒಂದಕ್ಕಿಂತ ಹೆಚ್ಚು ಬಾರಿ ಕೊಯ್ದು ಅಳೆಯಲು ಬೇಸಿಗೆಯಲ್ಲಿ ಸಮಯವೂ ಸಿಗುತ್ತಿದೆ.